ಗಿನಿ ಪಿಗ್ ಅಂಗಡಿ, ಗೂಡು, ಮೇವು: ಬಳ್ಳಾರಿ ಬಿಸಿಲಲ್ಲಿ ಸಾಕ್ತಾ ಬರೆದ ರಿವ್ಯೂ

ಪೂರ್ತಿ ಓದೋಕೆ ಟೈಮ್ ಇಲ್ದಿರೋರಿಗೆ ಮೊದಲೇ ಸ್ಟಾರ್ ಹೇಳಿಬಿಡ್ತೀನಿ. ಅಂಗಡಿಗೆ ಐದಕ್ಕೆ ಮೂರೂವರೆ, ಆನ್‌ಲೈನಲ್ಲಿ ತರಿಸಿದ ಗೂಡಿಗೆ ಒಂದು, ಅಂಗಡಿಯೋರೇ ಕೊಟ್ಟ ಮೇವಿನ ಪ್ಯಾಕೆಟ್‌ಗೆ ಎರಡು. ಗಿನಿ ಪಿಗ್, ಅಂದ್ರೆ ಬಾಲ ಇಲ್ಲದ ಇಲಿ ಥರದ ಸಾಕುಪ್ರಾಣಿ, ಬಳ್ಳಾರಿಗೆ ಆಗಿಬರುತ್ತಾ ಅಂತ ಕೇಳಿದ್ರೆ ಆಗಿಬರುತ್ತೆ, ಮನೆಯಲ್ಲಿ ಮಧ್ಯಾಹ್ನನೂ ತಂಪಾಗಿರೋ ಒಂದು ರೂಮು ಇದ್ರೆ ಮಾತ್ರ. ಆ "ಇದ್ರೆ ಮಾತ್ರ" ಸಲುವಾಗೇ ಇಷ್ಟುದ್ದ ಬರೀತಿರೋದು, ಯಾಕಂದ್ರೆ ನೆಟ್ಟಲ್ಲಿ ಸಿಗೋ ರಿವ್ಯೂ ಎಲ್ಲಾ ಬೆಂಗಳೂರು ಮೈಸೂರು ಕಡೆಯೋರು ಬರೆದಿರೋದು, ಅವರಿಗೆ ಮೂವತ್ತೈದು ಡಿಗ್ರಿ ಆಯ್ತು ಅಂದ್ರೆ ಅದೇ ದೊಡ್ಡ ನ್ಯೂಸು, ನಮಗೆ ಅದು ಶಿವರಾತ್ರಿ ಬಿಸಿಲು, ಯುಗಾದಿ ಬಿಸಿಲು ಇನ್ನೂ ಮುಂದೈತೆ.

ಅಂಗಡಿ ಹೆಸರು ಹಾಕ್ತಿಲ್ಲ, ಹೊಗಳಿರೋದೂ ಐತೆ ಬೈದಿರೋದೂ ಐತೆ, ಸುಮ್ನೆ ಜಗಳ ಯಾಕೆ. ಊರೊಳಗಿಂದೇ ಅಂದ್ಕೊಳ್ಳಿ.

ಅಲ್ಲಿಗೆ ಹೋಗೋಕೆ ಮುಂಚೆ ಇನ್ನೊಂದು ಅಂಗಡಿ ನೋಡಿದ್ವಿ, ಅದರ ಬಗ್ಗೆ ಎರಡು ಮಾತು ಹೇಳ್ಲೇಬೇಕು. ಒಂದು ಗಾಜಿನ ತೊಟ್ಟಿಯಲ್ಲಿ ಹ್ಯಾಮ್‌ಸ್ಟರ್ ಅನ್ನೋ ಇಲಿ ಥರದ ಸಣ್ಣ ಪ್ರಾಣಿಗಳನ್ನ ತುಂಬಿಟ್ಟಿದ್ರು, ಒಂದರ ಮ್ಯಾಲೊಂದು ಬಿದ್ದು ಮಲಗಿದ್ವು, ಒಂದರ ಕಿವಿ ಹರಿದು ರಕ್ತ ಒಣಗಿತ್ತು. "ಇವು ಕಚ್ಚಾಡ್ತಾವಲ್ರೀ" ಅಂದ್ರೆ "ಆಟ ಮೇಡಂ, ಆಟ" ಅಂದ ಹುಡುಗ. ಆಟ ಅಲ್ಲ ಅದು. ಸಿರಿಯನ್ ಹ್ಯಾಮ್‌ಸ್ಟರ್ ಒಂಟಿ ಪ್ರಾಣಿ, ದೊಡ್ಡದಾದ ಮ್ಯಾಲೆ ಒಂದೇ ಗೂಡಲ್ಲಿ ಎರಡಿದ್ರೆ ಸಾಯೋತನಕ ಕಾದಾಡ್ತವೆ. ಆಮೇಲೆ ಆ ಹುಡುಗ ದನಿ ಇಳಿಸಿ, "ನಕ್ಷತ್ರ ಆಮೆ ಬೇಕೇನು ಮೇಡಂ, ಮನೆಗೆ ಭಾಳ ಒಳ್ಳೇದು, ಹೇಳಿದ್ರೆ ತರಿಸಿಕೊಡ್ತೀವಿ" ಅಂದ. ನಾವು ಅಲ್ಲಿಂದ ಹೊರಗೆ ಬಂದ್ವಿ. ಗೊತ್ತಿಲ್ದಿರೋರಿಗೆ ಹೇಳ್ತೀನಿ, ನಕ್ಷತ್ರ ಆಮೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಬರುತ್ತೆ, 2022ರ ತಿದ್ದುಪಡಿ ಆದ್ಮೇಲೆ ಹುಲಿ ಇರೋ ಒಂದನೇ ಶೆಡ್ಯೂಲಲ್ಲೇ ಐತೆ, ಸಿಕ್ಕಿಬಿದ್ರೆ ಮೂರರಿಂದ ಏಳು ವರ್ಷ ಜೈಲು. ಅದೃಷ್ಟ ಬರುತ್ತೆ ಅಂತ ತಂದು ಕೋರ್ಟಿಗೆ ಅಲೆಯೋದು ಯಾವ ಅದೃಷ್ಟಾನೋ ನನಗಂತೂ ತಿಳೀವಲ್ದು. ನಮ್ಮ ಹಸಿರು ಗಿಳಿನೂ ಅಷ್ಟೇ, ಮುನಿಯಾ ಹಕ್ಕಿನೂ ಅಷ್ಟೇ, ಪಂಜರದಲ್ಲಿ ಇಟ್ರೆ ಅಪರಾಧ. ಅಜ್ಜನ ಕಾಲದಲ್ಲಿ ಪಡಸಾಲೆಯಲ್ಲಿ ಗಿಳಿ ಇತ್ತು ಅನ್ನೋದು ಈಗ ಕೆಲಸಕ್ಕೆ ಬರಲ್ಲ.

ಇನ್ನೊಂದು ವಿಷಯ, 2018ರಲ್ಲಿ ಪೆಟ್ ಶಾಪ್ ರೂಲ್ಸ್ ಅಂತ ಬಂದಿದಾವೆ, ಅದರ ಪ್ರಕಾರ ಪ್ರಾಣಿ ಮಾರೋ ಅಂಗಡಿ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ರಿಜಿಸ್ಟರ್ ಆಗಿರಬೇಕು. ಒಳಗೆ ಹೋದ ತಕ್ಷಣ ಗೋಡೆ ನೋಡಿ, ದೇವರ ಫೋಟೋ ಪಕ್ಕದಲ್ಲಿ ಸರ್ಟಿಫಿಕೇಟ್ ಕಾಣ್ಲಿಲ್ಲ ಅಂದ್ರೆ ಕೇಳಿ. ಕೇಳಿದ್ರೆ ಸಿಟ್ಟಾಗೋ ಅಂಗಡಿಯಲ್ಲಿ ತಗೊಳ್ಳೋದು ಬ್ಯಾಡ.

ಈಗ ನಾವು ತಗೊಂಡ ಅಂಗಡಿ. ಮಾಲೀಕರು ಐವತ್ತರ ಆಸುಪಾಸಿನೋರು, ಕನ್ನಡ ತೆಲುಗು ಎರಡೂ ಒಂದೇ ವಾಕ್ಯದಲ್ಲಿ ಬರುತ್ತೆ. ಅವರಿಗೆ ನಾನು ಸ್ಟಾರ್ ಕೊಟ್ಟಿರೋದು ಮುಖ್ಯವಾಗಿ ಒಂದೇ ಕಾರಣಕ್ಕೆ. ಮಗ "ಅಂಕಲ್ ಒಂದು ಜೋಡಿ ಕೊಡಿ" ಅಂದ ಕೂಡ್ಲೇ ಅವರು ಪೆಟ್ಟಿಗೆಗೆ ಕೈ ಹಾಕ್ಲಿಲ್ಲ, ನನ್ನ ಕಡೆ ತಿರುಗಿ "ಅಕ್ಕಾ, ಮನೆ ಆರ್‌ಸಿಸಿನಾ ತಗಡಾ?" ಅಂತ ಕೇಳಿದ್ರು. ಆರ್‌ಸಿಸಿ, ಕೆಳಗಿನ ಮನೆ, ಮ್ಯಾಲೆ ಇನ್ನೊಂದು ಮಹಡಿ ಐತೆ ಅಂದೆ. "ಹಂಗಾದ್ರೆ ಕೊಡ್ತೀನಿ, ತಗಡಿನ ಮನೆಗೆ ಕೊಡಲ್ಲ, ಏಪ್ರಿಲಲ್ಲಿ ಸತ್ತೋಗಿ ವಾಪಸ್ ಬಂದು ನನಗೇ ಬೈತಾರೆ." ವ್ಯಾಪಾರದ ಲೆಕ್ಕಾಚಾರವೇ ಇರ್ಬಹುದು, ಆದ್ರೂ ಊರಲ್ಲಿ ಪ್ರಾಣಿ ಮಾರೋರು ಮೊದಲು ಕೇಳಬೇಕಾದ ಪ್ರಶ್ನೆ ಅದೇ.

ಆಮೇಲೆ "ಜೋಡಿ ಅಂದ್ರೆ ಗಂಡು ಹೆಣ್ಣು ಕೊಡಲ್ಲ, ಎರಡೂ ಹೆಣ್ಣೇ ಕೊಡ್ತೀನಿ" ಅಂದ್ರು. ನಮ್ಮ ಜನಕ್ಕೆ ಜೋಡಿ ಅಂದ್ರೆ ಮರಿ ಹಾಕ್ಲೇಬೇಕು, ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬ ಗಿರಾಕಿ ನಕ್ಕೂ ಬಿಟ್ಟ. ಆದ್ರೆ ಅವರು ಹೇಳಿದ್ದು ಸರಿ ಐತೆ. ಗಂಡು ಮರಿನ ಮೂರು ವಾರಕ್ಕೇ ತಾಯಿಯಿಂದ ಬೇರೆ ಮಾಡ್ಬೇಕು, ಹೆಣ್ಣು ತಿಂಗಳು ತುಂಬಿದ ಸ್ವಲ್ಪ ದಿನಕ್ಕೇ ಗಬ್ಬ ಆಗೋಕೆ ರೆಡಿ, ಹೆತ್ತ ಕೆಲವು ಗಂಟೆಯಲ್ಲೇ ಮತ್ತೆ ಗಬ್ಬ ಆಗಬಲ್ಲದು. ಅದಕ್ಕಿಂತ ಅಪಾಯ ಏನಂದ್ರೆ, ಮೊದಲ ಸೂಲು ಏಳೆಂಟು ತಿಂಗಳ ವಯಸ್ಸಿನ ಒಳಗೆ ಆಗ್ಲಿಲ್ಲ ಅಂದ್ರೆ ಸೊಂಟದ ಮೂಳೆ ಕೂಡಿಕೊಂಡು ಗಟ್ಟಿಯಾಗುತ್ತೆ, ಆಮೇಲೆ ಗಬ್ಬ ಆದ್ರೆ ಮರಿ ಹೊರಗೆ ಬರೋಕೆ ದಾರಿ ಸಾಲಲ್ಲ, ಸಿಸೇರಿಯನ್ನೇ ಗತಿ. ಬಳ್ಳಾರಿಯಲ್ಲಿ ಗಿನಿ ಪಿಗ್‌ಗೆ ಸಿಸೇರಿಯನ್ ಮಾಡೋರನ್ನ ಎಲ್ಲಿ ಹುಡುಕ್ತೀರಿ? ಎಲ್ಲಾ ಒಂದೇ ಗೂಡಲ್ಲಿ ಬೆರೆಸಿಟ್ಟಿರೋ ಅಂಗಡಿಯಿಂದ ಹೆಣ್ಣು ತಂದ್ರೆ ಹೊಟ್ಟೆಯಲ್ಲಿ ಮರಿ ಇಟ್ಕೊಂಡೇ ಮನೆಗೆ ಬರೋ ಚಾನ್ಸ್ ಜಾಸ್ತಿ.

ಎರಡೂ ಹೆಣ್ಣೇ ಅಂತ ಬಾಯಲ್ಲಿ ಹೇಳಿ ಬಿಡ್ಲಿಲ್ಲ, ತೋರಿಸಿದ್ರು. ಒಂದು ಕೈ ಎದೆ ಕೆಳಗೆ, ಇನ್ನೊಂದು ಕೈಯಿಂದ ಹಿಂಭಾಗ ಆನಿಸಿ ಎತ್ತಿ, ಮೆಲ್ಲಗೆ ತಿರುಗಿಸಿ ಎದೆಗೆ ಒರಗಿಸಿಕೊಂಡು, ಹೆಬ್ಬೆರಳಲ್ಲಿ ಹೊಟ್ಟೆ ಕೆಳಗೆ ಹಗುರಕ್ಕೆ ಒತ್ತಿದ್ರು. ಗಂಡಾದ್ರೆ ಅಲ್ಲಿ ಸಣ್ಣ ಕಡ್ಡಿ ಥರ ಹೊರಗೆ ಬರುತ್ತೆ, ಹೆಣ್ಣಾದ್ರೆ ಇಂಗ್ಲಿಷ್ ವೈ ಅಕ್ಷರದ ಗೆರೆ ಕಾಣುತ್ತೆ. ಅದು "ಕುಯ್ಯ್" ಅಂತ ಕೂಗ್ತಾನೇ ಇತ್ತು, ಅವರು ಅದರ ತುಟಿ ಸರಿಸಿ ಮುಂದಿನ ಹಲ್ಲು ತೋರಿಸಿದ್ರು, ಬೆಳ್ಳಗೆ ನೇರವಾಗಿ ಒಂದಕ್ಕೊಂದು ಕೂಡಿರಬೇಕು, ಯಾಕಂದ್ರೆ ಇವುಗಳ ಹಲ್ಲು ಸಾಯೋತನಕ ಬೆಳೀತಾನೇ ಇರುತ್ತೆ, ಸೊಟ್ಟ ಇದ್ರೆ ತಿನ್ನೋಕೇ ಆಗಲ್ಲ. ಕಣ್ಣಲ್ಲಿ ಪಿಸುರು ಇಲ್ಲ, ಮೂಗು ಒದ್ದೆ ಇಲ್ಲ, ಹಿಂಭಾಗ ಕ್ಲೀನ್ ಐತೆ, ಕೂದಲು ಸರಿಸಿ ನೋಡಿದ್ರೆ ಹೇನು ಇಲ್ಲ. ಇಷ್ಟು ನೋಡದೆ ಬಣ್ಣ ಚೆನ್ನಾಗೈತೆ ಅಂತ ತರೋದು ಬ್ಯಾಡ್ರಿ. ಎರಡಕ್ಕೂ ಸೇರಿ ಸಾವಿರದ ಇನ್ನೂರು ಅಂದ್ರು, ಸಾವಿರಕ್ಕೆ ಕೊಟ್ರು.

ಒಂದೂವರೆ ಸ್ಟಾರ್ ಯಾಕೆ ಕಟ್ ಮಾಡಿದೆ? ಮರದ ಪುಡಿ. ಸಾ ಮಿಲ್‌ನಿಂದ ತಂದ ಹಿಟ್ಟಿನಂಥ ಹೊಟ್ಟು ಚೀಲದಲ್ಲಿ ಕಟ್ಟಿ ಕೊಟ್ಟರು, ಗೂಡಲ್ಲಿ ಹಾಸೋಕೆ. ಅದು ಮೂಗಿಗೆ ಹೋಗಿ ಸೀನು ಶುರುವಾಗುತ್ತೆ, ಇವುಗಳ ಶ್ವಾಸಕೋಶ ಭಾಳ ನಾಜೂಕು, ನಮ್ಮೂರಲ್ಲಿ ಮೊದಲೇ ಧೂಳು ಎಲ್ಲಿ ನೋಡಿದ್ರೂ ಐತೆ. ನಾನು ಅದನ್ನ ಗಿಡದ ಬುಡಕ್ಕೆ ಹಾಕಿ ಹಳೇ ಕಾಟನ್ ಬೆಡ್‌ಶೀಟ್ ಮಡಚಿ ಹಾಸಿದೆ. ಊರಲ್ಲಿ ಜೀನ್ಸ್ ಹೊಲಿಯೋ ಯೂನಿಟ್‌ಗಳ ಚಿಂದಿ ಪುಕ್ಕಟೆ ಸಿಗುತ್ತೆ, ಹಾಸಬಹುದಲ್ಲಾ ಅಂತ ನಮ್ಮನೆಯೋರು ಐಡಿಯಾ ಕೊಟ್ರು, ಆದ್ರೆ ಅಂಚು ಹೊಲಿದಿರಲ್ಲ, ದಾರ ಬಿಚ್ಕೊಂಡು ಸಣ್ಣ ಬೆರಳಿಗೆ ಸುತ್ತಿದ್ರೆ ರಕ್ತ ಓಡಾಟ ನಿಂತೋಗುತ್ತೆ, ಅಂಚು ಮಡಚಿ ಹೊಲಿಸಿದ್ರೆ ಓಕೆ.

ಎರಡನೇದು, ಬರೋವಾಗ ಒಂದು ಹಳದಿ ಪುಡಿ ಪೊಟ್ಟಣ ಕೊಟ್ಟು "ಸುಸ್ತಾದ್ರೆ ನೀರಿಗೆ ಹಾಕಿ ಅಕ್ಕಾ" ಅಂದ್ರು. ಆಂಟಿಬಯಾಟಿಕ್. ಕೋಳಿ, ಪಾರಿವಾಳಕ್ಕೆ ಕೊಡೋ ಅಭ್ಯಾಸದಲ್ಲಿ ಇದಕ್ಕೂ ಕೊಡ್ತಾರೆ. ಗಿನಿ ಪಿಗ್ ಹೊಟ್ಟೆಯಲ್ಲಿ ಹುಲ್ಲು ಜೀರ್ಣ ಮಾಡೋ ಒಳ್ಳೆ ಬ್ಯಾಕ್ಟೀರಿಯಾ ಇರ್ತವೆ, ಪೆನ್ಸಿಲಿನ್ ಜಾತಿ ಔಷಧಿ, ನಾವು ಜ್ವರಕ್ಕೆ ನುಂಗೋ ಅಮಾಕ್ಸಿಸಿಲಿನ್ ಕೂಡ, ಬಾಯಿಂದ ಕೊಟ್ರೆ ಆ ಬ್ಯಾಕ್ಟೀರಿಯಾ ಸತ್ತು ಭೇದಿ ಶುರುವಾಗಿ ಪ್ರಾಣಿನೇ ಹೋಗಬಹುದು. ಡಾಕ್ಟ್ರು ಹೇಳದೆ ಯಾವ ಪುಡಿನೂ ಬ್ಯಾಡ.

ಗೂಡಿನ ಕಥೆ ಚಿಕ್ಕದು. ಆನ್‌ಲೈನಲ್ಲಿ "ಮೊಲ, ಗಿನಿ ಪಿಗ್, ಹ್ಯಾಮ್‌ಸ್ಟರ್ ಮೂರಕ್ಕೂ" ಅಂತ ಹಾಕಿದ್ರು, ಮೂರಕ್ಕೂ ಆಗೋ ಗೂಡು ಯಾವುದಕ್ಕೂ ಆಗಲ್ಲ. ಎರಡಡಿ ಉದ್ದ, ಒಂದೂವರೆ ಅಡಿ ಅಗಲ, ತಳದಲ್ಲಿ ತಂತಿ ಜಾಲರಿ, ಮೂಲೆಯಲ್ಲಿ ಒಂದು ಚಕ್ರ. ಎರಡು ಗಿನಿ ಪಿಗ್‌ಗೆ ಕಡಿಮೆ ಅಂದ್ರೂ 7.5 ಚದರ ಅಡಿ ನೆಲ ಬೇಕು, ಇದು ಮೂರು ಚದರ ಅಡಿ. ತಂತಿ ಮ್ಯಾಲೆ ದಿನಾ ನಿಂತ್ರೆ ಅಂಗಾಲು ಒಡೆದು ಹುಣ್ಣಾಗಿ ಕೀವು ಕಟ್ಟುತ್ತೆ. ಚಕ್ರದಲ್ಲಿ ಓಡೋದು ಹ್ಯಾಮ್‌ಸ್ಟರ್‌ಗೆ ಸರಿ, ಗಿನಿ ಪಿಗ್ ಬೆನ್ನು ಹಂಗೆ ಬಗ್ಗಲ್ಲ. ರಿಟರ್ನ್ ಹಾಕಿದ್ರೆ "ಪೆಟ್ಟಿಗೆ ಒಡೆದಿದೆ" ಅಂತ ವಾಪಸ್ ತಗೊಳ್ಲಿಲ್ಲ, ಈಗ ಅದರಲ್ಲಿ ಈರುಳ್ಳಿ ಇಟ್ಟಿದೀವಿ. ಬದಲಿಗೆ ತಂತಿಯ ಚೌಕ ಜಾಲರಿಗಳನ್ನ ಕೇಬಲ್ ಟೈ ಹಾಕಿ ಕಟ್ಟಿ, ತಳಕ್ಕೆ ಬೋರ್ಡ್ ಬರೆಯೋ ಅಂಗಡಿಯಿಂದ ಸನ್‌ಪ್ಯಾಕ್ ಅನ್ನೋ ಪ್ಲಾಸ್ಟಿಕ್ ಶೀಟ್ ತಂದು ಅಂಚು ಮಡಚಿ ಕೂರಿಸಿದ್ವಿ, ಅಗಲ ಮೂರಡಿ, ಉದ್ದ ನಾಲ್ಕಡಿ. ಒಳಗೆ ಅಡಗೋಕೆ ಬಾಯಿ ಒಡೆದ ಮಣ್ಣಿನ ಗಡಿಗೆ ಎರಡು, ಒಂದೇ ಇಟ್ರೆ ಜಗಳ ಆಡ್ತವೆ. ಖರ್ಚೂ ಆ ಆನ್‌ಲೈನ್ ಗೂಡಿಗಿಂತ ಕಡಿಮೇನೇ ಆಯ್ತು.

ಬಿಸಿಲಿಗೆ ಬರೋಣ. ಇವು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟದ ಪ್ರಾಣಿ, ತಂಪಲ್ಲಿ ಹುಟ್ಟಿ ಬೆಳೆದಂಥ ಮೈ. 18ರಿಂದ 24 ಡಿಗ್ರಿ ಇವಕ್ಕೆ ಹಿತ, 28 ದಾಟಿದ್ರೆ ಕಷ್ಟ ಶುರು. ನಮ್ಮಂಗೆ ಬೆವರಲ್ಲ, ನಾಯಿಯಂಗೆ ನಾಲಿಗೆ ಚಾಚಿ ತೇಕಿ ಮೈ ತಣ್ಣಗೆ ಮಾಡ್ಕೊಳ್ಳೋದೂ ಗೊತ್ತಿಲ್ಲ. ಅದಕ್ಕೇ ಬರೀ ಫ್ಯಾನ್ ಹಾಕಿದ್ರೆ ಸಾಕು ಅನ್ನೋದು ತಪ್ಪು, ಫ್ಯಾನ್ ಗಾಳಿ ಬೆವರೋ ಮೈಗೆ ತಂಪು, ಬೆವರದ ಮೈಗೆ ಬಿಸಿ ಗಾಳಿನೇ. ನಮ್ಮ ಕಡೆ ಏಪ್ರಿಲ್ ಮೇ ತಿಂಗಳಲ್ಲಿ ನಲವತ್ತು ದಾಟುತ್ತೆ, ಆದ್ರೆ ಒಣ ಬಿಸಿಲು, ಹಂಗಾಗಿ ನೀರಿನ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತೆ, ಕರಾವಳಿಯೋರಿಗೆ ಆ ಸುಖ ಇಲ್ಲ. ಕೂಲರ್ ಗಾಳಿ ನೇರ ಮೈಗೆ ಬಡಿಯದಂಗೆ ಗೂಡು ಸ್ವಲ್ಪ ಸರಿಸಿ ಇಡಿ.

ಎಲ್ಲದಕ್ಕಿಂತ ಉಪಯೋಗಕ್ಕೆ ಬಂದಿದ್ದು ಕಡಪಾ ಕಲ್ಲು. ಅಡಿಗೆಮನೆ ಕಟ್ಟೆ ಕೆಲಸದಲ್ಲಿ ಉಳಿದಿದ್ದ ಒಂದು ತುಂಡು ಹಿತ್ತಲಲ್ಲಿ ಬಿದ್ದಿತ್ತು, ತೊಳೆದು ಗೂಡಿನ ಒಂದು ಮೂಲೆಗೆ ಇಟ್ಟೆ. ಮಧ್ಯಾಹ್ನ ಎರಡೂ ಅದರ ಮ್ಯಾಲೆ ಹೊಟ್ಟೆ ಅಂಟಿಸಿ, ಹಿಂಗಾಲು ಎರಡೂ ಹಿಂದಕ್ಕೆ ಚಾಚಿ, ಚಪಾತಿ ಥರ ಚಪ್ಪಟೆಯಾಗಿ ಬಿದ್ದಿರ್ತವೆ, ಕಿವಿ ಮಾತ್ರ ಆಗಾಗ ಅಲ್ಲಾಡ್ತಿರುತ್ತೆ. ಕರೆಂಟ್ ಹೋದಾಗ ಫ್ರೀಜರ್‌ನಲ್ಲಿ ಗಟ್ಟಿ ಮಾಡಿಟ್ಟ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕಕ್ಕೆ ಇಡ್ತೀವಿ, ಕಿಟಕಿಗೆ ಹಸಿ ಗೋಣಿಚೀಲ. ಬಾಯಲ್ಲಿ ಜೊಲ್ಲು, ಉಸಿರು ಜೋರು, ಮುಟ್ಟಿದ್ರೂ ಏಳದೆ ಬಿದ್ದಿದ್ರೆ ಅದು ಬಿಸಿಲು ಹೊಡೆದಿರೋದು. ಐಸ್ ನೀರಲ್ಲಿ ಮುಳುಗಿಸೋಕೆ ಹೋಗಬ್ಯಾಡ್ರಿ, ಸಾದಾ ತಣ್ಣೀರಲ್ಲಿ ಕಿವಿ ಮತ್ತೆ ಪಾದ ಒದ್ದೆ ಮಾಡ್ತಾ ನೇರ ಡಾಕ್ಟ್ರ ಹತ್ರ ಓಡಿ.

ಮೇವಿನ ಪ್ಯಾಕೆಟ್‌ಗೆ ಎರಡೇ ಸ್ಟಾರ್ ಯಾಕಂದ್ರೆ ಅದು ಮೊಲದ ಗುಳಿಗೆ ಮೇವು, ತಯಾರಾದ ತಾರೀಖು ಇಲ್ಲ. ಮೊಲ ತನ್ನ ಮೈಯಲ್ಲೇ ವಿಟಮಿನ್ ಸಿ ಮಾಡ್ಕೊಳ್ಳುತ್ತೆ, ಗಿನಿ ಪಿಗ್‌ಗೆ ನಮ್ಮಂಗೆ ಅದು ಆಗಲ್ಲ, ಹೊರಗಿಂದ್ಲೇ ಸಿಗ್ಬೇಕು, ಒಂದು ಕೆಜಿ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ. ಸಿಗ್ಲಿಲ್ಲ ಅಂದ್ರೆ ಕೀಲು ಊದಿ ನೋವಾಗಿ ಮೂಲೆ ಹಿಡೀತವೆ, ಒಸಡಲ್ಲಿ ರಕ್ತ ಬರುತ್ತೆ. ಗಿನಿ ಪಿಗ್ ಮೇವು ಅಂತಲೇ ಬರೆದಿದ್ರೂ ಮೂರು ತಿಂಗಳು ಹಳೇದಾದ್ರೆ ಅದರೊಳಗಿನ ವಿಟಮಿನ್ ಸಿ ಬಹುಪಾಲು ಹೋಗಿರುತ್ತೆ, ಅದಕ್ಕೇ ತಾರೀಖು ಮುಖ್ಯ. ಹನಿ ಔಷಧಿ ನೀರಿಗೆ ಬೆರೆಸೋದೂ ದಂಡ, ಬೇಗ ಕೆಡುತ್ತೆ. ಒಂದು ಸಣ್ಣ ತುಂಡು ಹಸಿರು ಕ್ಯಾಪ್ಸಿಕಂ ದಿನಾ ಕೊಟ್ರೆ ಕೆಲಸ ಮುಗೀತು, 100 ಗ್ರಾಂನಲ್ಲಿ ಹತ್ತತ್ರ 80 ಮಿಲಿಗ್ರಾಂ ಇರುತ್ತೆ. ಪೇರಲ ಹಣ್ಣಲ್ಲಿ ಇನ್ನೂ ಜಾಸ್ತಿ, ಆದ್ರೆ ಸಕ್ಕರೆ ಅಂಶ ಇರೋದ್ರಿಂದ ಅಪರೂಪಕ್ಕೆ ಒಂದು ಚೂರು. ನಮ್ಮ ಅತ್ತೆಗೆ ಇದೇ ದೊಡ್ಡ ಸಂಕಟ, "ಮನುಷ್ಯರಿಗೆ ಕಾಯಿಪಲ್ಯ ಇಲ್ಲ, ಬಾಲ ಇಲ್ಲದ ಇಲಿಗೆ ಕ್ಯಾಪ್ಸಿಕಂ" ಅಂತ ಸಂತೆ ದಿನ ತಪ್ಪದೆ ಒಂದ್ಸಲ ಹೇಳ್ತಾರೆ.

ಹೊಟ್ಟೆ ತುಂಬೋದು ಮಾತ್ರ ಹುಲ್ಲಿಂದ್ಲೇ ತುಂಬಬೇಕು, ತಿನ್ನೋದ್ರಲ್ಲಿ ಮುಕ್ಕಾಲಿಗಿಂತ ಜಾಸ್ತಿ ಹುಲ್ಲೇ, ಹಲ್ಲು ಸವೆಯೋದೂ ಅದರಿಂದ್ಲೇ. ಅಂಗಡಿಯಲ್ಲಿ ಹುಲ್ಲು ಇಟ್ಟೇ ಇಲ್ಲ, ಕೇಳಿದ್ರೆ "ಟಿಮೋತಿ ಹೇ ಆನ್‌ಲೈನಲ್ಲಿ ತರಿಸ್ಕೊಳ್ಳಿ" ಅಂದ್ರು. ಕೆಜಿಗೆ ಆರೇಳು ನೂರು, ಹೊರದೇಶದ್ದು. ಬೇಕಾಗಿಲ್ಲ. ಗಣಪ್ಪನಿಗೆ ಏರಿಸೋ ಗರಿಕೆ ಐತಲ್ಲ, ಅದೇ ಸಾಕು, ಹೂವಿನೋರ ಹತ್ರ ಕಟ್ಟು ಕಟ್ಟಿಸ್ಕೊಂಡು ಬರ್ತೀನಿ, ಎರಡು ನೀರಲ್ಲಿ ತೊಳೆದು ಸ್ವಲ್ಪ ಹಸಿಯಾಗೇ ಕೊಡ್ತೀನಿ, ಉಳಿದಿದ್ದನ್ನ ಮಾಳಿಗೆ ಮ್ಯಾಲೆ ನೆರಳಲ್ಲಿ ಹರವಿದ್ರೆ ಒಂದೇ ದಿನಕ್ಕೆ ಗರಗರ ಒಣಗಿ ಹಸಿರು ವಾಸನೆ ಹಂಗೇ ಉಳಿಯುತ್ತೆ. ನಮ್ಮ ಬಿಸಿಲಿಂದ ಈ ಪ್ರಾಣಿಗೆ ಆಗೋ ಉಪಕಾರ ಅಂದ್ರೆ ಅದೊಂದೇ. ಎಮ್ಮೆ ಕಟ್ಟಿದೋರ ಹತ್ರ ನೇಪಿಯರ್ ಹುಲ್ಲು ಸಿಕ್ರೂ ಓಕೆ. ಸಿರುಗುಪ್ಪ ಗಂಗಾವತಿ ಕಡೆಯಿಂದ ಬರೋ ಭತ್ತದ ಹುಲ್ಲು ಹಾಸೋಕೆ ಸರಿ, ತಿನ್ನೋಕೆ ಸತ್ವ ಇಲ್ಲ. ಕುದುರೆ ಮಸಾಲೆ ಸೊಪ್ಪು, ಅಂದ್ರೆ ಲೂಸರ್ನ್ ಮೇವು, ಮರಿಗೆ, ಗಬ್ಬದ್ದಕ್ಕೆ ಒಳ್ಳೇದು, ದೊಡ್ಡವಕ್ಕೆ ದಿನಾ ಹಾಕಿದ್ರೆ ಕ್ಯಾಲ್ಸಿಯಂ ಜಾಸ್ತಿಯಾಗಿ ಮೂತ್ರದಲ್ಲಿ ಕಲ್ಲು. ಅದೇ ಕಾರಣಕ್ಕೆ ನಮ್ಮ ಪ್ರೀತಿಯ ಪುಂಡಿಪಲ್ಯ, ಪಾಲಕ್ ಕೂಡ ಬ್ಯಾಡ, ಅವುಗಳ ಹುಳಿ ಅಂಶ ಕಲ್ಲು ಕಟ್ಟಿಸುತ್ತೆ. ಕೊತ್ತಂಬ್ರಿ, ಸೌತೆಕಾಯಿ ಧಾರಾಳ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಬಿಲ್ಕುಲ್ ಬ್ಯಾಡ. ಮತ್ತೆ ಮನೆಗೆ ಬಂದೋರು ತಟ್ಟೆಯಿಂದ ಮಂಡಕ್ಕಿ ಎತ್ತಿ ಹಾಕ್ತಾರೆ, "ಒಂದೇ ಒಂದು ತಿನ್ಲಿ ಬಿಡ್ರೀ" ಅಂತ, ಕೈ ಹಿಡಿದು ನಿಲ್ಲಿಸಿ.

ಡಾಕ್ಟ್ರ ವಿಷಯ ಹೇಳ್ತೀನಿ. ಸರ್ಕಾರಿ ಪಶು ಆಸ್ಪತ್ರೆಗೆ ಉಗುರು ಕತ್ತರಿಸೋದು ಕಲಿಯೋಕೆ ಹೋಗಿದ್ವಿ, ಹೊರಗೆ ಕುರಿ ಹಿಂಡು ನಿಂತಿತ್ತು, ಡಾಕ್ಟ್ರು ನಕ್ಕು "ಇದನ್ನ ನಾನು ಕಾಲೇಜಲ್ಲಿ ಲ್ಯಾಬಲ್ಲಿ ನೋಡಿದ್ದಮ್ಮಾ, ಮನೆಯಲ್ಲಿ ಸಾಕಿದ್ದನ್ನ ಈಗ ನೋಡ್ತಿದೀನಿ" ಅಂದ್ರು. ಆದ್ರೂ ಚೆನ್ನಾಗಿ ಹೇಳಿಕೊಟ್ರು, ಉಗುರೊಳಗೆ ಕೆಂಪು ಗೆರೆ ಕಾಣುತ್ತಲ್ಲ, ಅದಕ್ಕೆ ತಾಗದಂಗೆ ತುದಿ ಮಾತ್ರ. ಅವರು ಹೇಳಿದ ಇನ್ನೊಂದು ಕೆಲಸ ನನಗೆ ಭಾಳ ಹಿಡಿಸ್ತು, ವಾರಕ್ಕೊಮ್ಮೆ ಅಡಿಗೆಮನೆ ತಕ್ಕಡಿಯಲ್ಲಿ ಇಟ್ಟು ತೂಕ ಬರೆದಿಡಿ ಅಂತ. ಈ ಜಾತಿ ಪ್ರಾಣಿ ಕಾಯಿಲೆ ಮುಚ್ಚಿಡ್ತವೆ, ಹೊರಗೆ ಕಾಣೋಷ್ಟೊತ್ತಿಗೆ ತಡವಾಗಿರುತ್ತೆ, ಮೊದಲು ಇಳಿಯೋದು ತೂಕ. ದೊಡ್ಡದಾದ ಮ್ಯಾಲೆ 700ರಿಂದ 1200 ಗ್ರಾಂ ಇರ್ಬೇಕು. ಆಪರೇಷನ್ನೇ ಬೇಕಾದ್ರೆ ಬೆಂಗಳೂರು ದಾರಿ, ಮುನ್ನೂರು ಕಿಲೋಮೀಟರ್, ಅದೂ ಲೆಕ್ಕದಲ್ಲಿ ಇರ್ಲಿ. ಐದರಿಂದ ಎಂಟು ವರ್ಷ ಬದುಕೋ ಪ್ರಾಣಿ, ಏಳನೇ ಕ್ಲಾಸಿನ ಹುಡುಗನ ಹಠಕ್ಕೆ ತಂದ್ರೆ ಅವನು ಕಾಲೇಜಿಗೆ ಹೋದ ಮ್ಯಾಲೂ ಗರಿಕೆ ತರೋದು ಅಮ್ಮನೇ.

ತಗಡಿನ ಮನೆಯೋರು, ಮ್ಯಾಲಿನ ಮಹಡಿಯಲ್ಲಿ ಬಾಡಿಗೆಗೆ ಇರೋರು ಏನು ಮಾಡ್ಬೇಕು ಅಂತ ಯಾರಾದ್ರೂ ಕೇಳ್ತಾರೆ. ಮೊಲ ಇದಕ್ಕಿಂತ ಬಿಸಿಲು ತಡೆಯುತ್ತೆ ಅನ್ನೋದು ಸುಳ್ಳು, ಅದಕ್ಕೂ ಅದೇ ಗತಿ. ನನ್ನ ಕೇಳಿದ್ರೆ ಬಜ್ಜಿ ಹಕ್ಕಿ, ಅದೇ ಅಂಗಡಿಯಲ್ಲಿ ಲವ್ ಬರ್ಡ್ಸ್ ಅಂತ ಮಾರ್ತಾರಲ್ಲ ಆ ಸಣ್ಣ ಹಸಿರು ನೀಲಿ ಹಕ್ಕಿ. ಆಸ್ಟ್ರೇಲಿಯಾದ ಒಣ ಬಯಲಲ್ಲಿ ಹುಟ್ಟಿದ್ದು, ನೆರಳು, ಗಾಳಿ, ದಿನಾ ಎರಡ್ಸಲ ಬದಲಾಯಿಸಿದ ನೀರು ಇದ್ರೆ ನಮ್ಮ ಬಿಸಿಲನ್ನ ಗಿನಿ ಪಿಗ್‌ಗಿಂತ ಎಷ್ಟೋ ಚೆನ್ನಾಗಿ ತಾಳ್ಕೊಳ್ಳುತ್ತೆ. ಕಾಯ್ದೆ ತಂಟೆನೂ ಇಲ್ಲ. ಒಂದೇ ಎಚ್ಚರಿಕೆ, ನಾನ್‌ಸ್ಟಿಕ್ ತವಾ ಖಾಲಿ ಕಾಯಿಸಿ ಹೊಗೆ ಎಬ್ಬಿಸಿದ್ರೆ ಆ ಹೊಗೆಗೆ ಹಕ್ಕಿ ನಿಮಿಷಗಳಲ್ಲೇ ಸಾಯುತ್ತೆ, ಪಂಜರ ಅಡಿಗೆಮನೆಯಿಂದ ದೂರ ಇರ್ಲಿ. ಇನ್ನು ತೊಟ್ಟಿಯಲ್ಲಿ ರೂಪಾಯಿ ನಾಣ್ಯದಷ್ಟಿರೋ ಕೆಂಪು ಕಿವಿಯ ನೀರಾಮೆ ತೋರಿಸ್ತಾರೆ, ಅದು ಊಟದ ತಟ್ಟೆಯಷ್ಟಾಗುತ್ತೆ, ಇಪ್ಪತ್ತು ಮೂವತ್ತು ವರ್ಷ ಬದುಕುತ್ತೆ, ಸಾಕಾಯ್ತು ಅಂತ ತುಂಗಭದ್ರಾ ಕಾಲುವೆಗೆ ಬಿಟ್ರೆ ಅಲ್ಲಿನ ನಮ್ಮ ಆಮೆಗಳ ಮೇವು, ಜಾಗ ಎರಡೂ ಕಿತ್ಕೊಳ್ಳುತ್ತೆ.

ಕೊನೇದಾಗಿ ಅಂಗಡಿಯೋರ ಇನ್ನೊಂದು ಸರ್ವಿಸ್ ಐತೆ, ಊರಿಗೆ ಹೋಗೋವಾಗ ಪ್ರಾಣಿ ಬಿಟ್ಟು ಹೋಗಬಹುದು, ದಿನಕ್ಕೆ ಇಷ್ಟು ಅಂತ. ದಸರಾಕ್ಕೆ ಬಿಟ್ಟಿದ್ವಿ, ಮೇವು ನಾವೇ ಕಟ್ಟಿಕೊಟ್ಟಿದ್ವಿ, ತೂಕ ಇಳಿದಿರ್ಲಿಲ್ಲ, ಗೂಡೂ ಕ್ಲೀನ್ ಇತ್ತು. ಬೇಸಿಗೆ ಮದುವೆ ಸೀಸನ್‌ಗೆ ಮಾತ್ರ ಬಿಡಲ್ಲ, ಅಂಗಡಿ ಪಶ್ಚಿಮಕ್ಕೆ ಮುಖ ಮಾಡೈತೆ, ನಾಲ್ಕು ಗಂಟೆಗೆ ಬಿಸಿಲು ಸೀದಾ ಗಾಜಿನ ತೊಟ್ಟಿ ಮ್ಯಾಲೇ ಬೀಳುತ್ತೆ, ತಗಡಿನ ಮನೆಗೆ ಪ್ರಾಣಿ ಕೊಡಲ್ಲ ಅನ್ನೋ ಮನುಷ್ಯ ತನ್ನ ಶಟರ್ ಹಿಂದೆ ಬರೀ ಟೇಬಲ್ ಫ್ಯಾನ್ ಇಟ್ಕೊಂಡು ಕೂತಿದಾರೆ. ಹೇಳಿದೀನಿ, "ಯುಗಾದಿಗೆ ಕೂಲರ್ ಹಾಕಿಸ್ತೀನಿ ಅಕ್ಕಾ" ಅಂದಿದಾರೆ. ಹಾಕಿಸಿದ್ರೆ ಇಲ್ಲೇ ಎಡಿಟ್ ಮಾಡಿ ಅರ್ಧ ಸ್ಟಾರ್ ಸೇರಿಸ್ತೀನಿ.